ಆಯೇರಿಗೆ ಬಿದ್ದ ಬೀಗ

ಮೊನ್ನೆ ಹರಿಹರಕ್ಕೆ ಒಂದು ಮದುವೆಯ ಊಟಕ್ಕೆ ಹೋಗಿದ್ದೆ. ಕೈ ತೊಳೆಯಲೆಂದು ಸಭಾಭವನದ ಹಿಂದುಗಡೆ ಹೋದರೆ, ಬಿರಿಯಾನಿ ಡೇಗಚಿಯ ತಳ ಹಿಡಿದ ಮಸಾಲೆಯ ವಾಸನೆ, ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ನೀರು ಬಿದ್ದ ವಾಸನೆ, ಎರಡೂ ಒಟ್ಟಿಗೇ ಮೂಗಿಗೆ ಬಂದವು. ತಲೆ ಎತ್ತಿ ನೋಡಿದೆ. ಗೋಡೆಯ ಮೇಲೆ ಅದೇ ವೈಫೈ ಡಬ್ಬಿ, ಎರಡು ವರ್ಷದ ಧೂಳು ಹೊತ್ತುಕೊಂಡು ದೀಪ ಮಿಣುಕಿಸುತ್ತಿತ್ತು. "ಎಲ್ಲಾ ನಿನ್ನಿಂದ್ಲೇ ಕಣೋ ಆಗಿದ್ದು" ಎಂದು ಅದಕ್ಕೆ ಬಾಯಿಬಿಟ್ಟೇ ಹೇಳಿದೆ. ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ಹೆಂಗಸು ನನ್ನ ಮುಖ ನೋಡಿ ಎರಡು ಹೆಜ್ಜೆ ದೂರ ಸರಿದು ನಿಂತರು. ಸುಳ್ಳು ಯಾಕೆ ಹೇಳಲಿ, ತಪ್ಪು ಆ ಡಬ್ಬಿಯದಲ್ಲ, ನನ್ನದೇ.

ಅದು ಎರಡು ವರ್ಷದ ಹಿಂದಿನ ಬೇಸಿಗೆ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅರ್ಜಿ ಟೈಪು ಮಾಡಿಕೊಡುವುದು, ರೇಷನ್ ಕಾರ್ಡಿನ ತಿದ್ದುಪಡಿ, ಜಾತಿ ಪ್ರಮಾಣಪತ್ರ, ಇವೇ ನನ್ನ ದಿನದ ಪಾಡು. ಗೋಡೆಯಾಚೆ ನಸೀಮಾಳ ಅಂಗಡಿ. ಮದುವೆ ಬ್ಲೌಸುಗಳಿಗೆ ಆರಿ ವರ್ಕ್ ಕಸೂತಿ ಮಾಡುತ್ತಿದ್ದಳು. ನನಗಿಂತ ಹದಿನೈದು ವರ್ಷ ಚಿಕ್ಕವಳು. ಕರೆಂಟು ಹೋದರೆ ನನ್ನ ಮೆಷಿನ್ನೂ ನಿಲ್ಲುತ್ತಿತ್ತು, ಬೆಳಕಿಲ್ಲದೆ ಅವಳ ಸೂಜಿಯೂ ನಿಲ್ಲುತ್ತಿತ್ತು. ದಾವಣಗೆರೆಯ ಬೇಸಿಗೆಯಲ್ಲಿ ಕರೆಂಟು ಹೋದ ಅಂಗಡಿಯೊಳಗೆ ಕೂತವರಿಗೇ ಗೊತ್ತು ಅದರ ಸುಖ. ಅದಕ್ಕೂ ಎರಡು ಬೇಸಿಗೆ ಮುಂಚೆ, ನಾನು ಕರೆಂಟಿನವರಿಗೆ ಬಾಯಿಗೆ ಬಂದಂತೆ ಬೈಯುತ್ತಾ ಕೂತಿದ್ದ ಅಂಥದೊಂದು ಸಂಜೆ ಅವಳು ಫೋನು ಹಿಡಿದುಕೊಂಡು ಬಂದಳು.

"ಅಕ್ಕಾ, ಬೈದ್ರೆ ಕರೆಂಟ್ ಬರ್ತೈತೇನು? ಬಾ, ಒಂದ್ ಕೈ ನೋಡಾನ" ಎಂದಳು.

ಹಾಗೆ ಶುರುವಾಯಿತು. ಆಟದ ಹೆಸರು ‘ಥಂಡರ್ ಗಲ್ಲಿ’. ಇಬ್ಬರು ಎದುರುಬದುರು ನಿಂತು ಹೊಡೆದಾಡಬೇಕು, ಐದು ಸುತ್ತಿನಲ್ಲಿ ಮೂರು ಗೆದ್ದವರು ಗೆದ್ದಂತೆ. ನಾನು ಆರಿಸಿಕೊಂಡಿದ್ದು ಸೌಟು ಹಿಡಿದ ದಪ್ಪ ಅಡುಗೆ ಭಟ್ಟ. ನಸೀಮಾಳದು ಉದ್ದ ಜಡೆಯ ಮೀನುಗಾರ ಹುಡುಗಿ, ಜಡೆಯಲ್ಲೇ ಹೊಡೆಯುತ್ತಿದ್ದಳು. ಮೊದಲ ವಾರ ನನ್ನ ಭಟ್ಟ ತಿಂದ ಏಟಿಗೆ ಲೆಕ್ಕವಿಲ್ಲ. ಮೂಗಿನ ತುದಿಯಲ್ಲಿ ಸಿಟ್ಟಿರುವ ನನ್ನಂಥವಳಿಗೆ ಇದು ಹೇಳಿ ಮಾಡಿಸಿದ ಆಟ. ದಿನವಿಡೀ ಗಿರಾಕಿಗಳ ಮೇಲೆ ತೋರಿಸಲಾಗದ ಸಿಟ್ಟನ್ನೆಲ್ಲ ಸಂಜೆ ಏಳರಿಂದ ಎಂಟರವರೆಗೆ ಸೌಟಿನಲ್ಲಿ ತೀರಿಸಿಕೊಳ್ಳುತ್ತಿದ್ದೆ. ಅಂಗಡಿಯ ಶಟರ್ ಅರ್ಧ ಎಳೆದು ಇಬ್ಬರೂ ಕೂತರೆ ನಮ್ಮನೆಯವರು ಫೋನು ಮಾಡಿದರೂ ಎತ್ತುತ್ತಿರಲಿಲ್ಲ.

ಆಟ ಪುಕ್ಕಟೆ. ದುಡ್ಡು ಕೊಟ್ಟರೆ ಬಟ್ಟೆ ಸಿಗುತ್ತಿತ್ತು, ಬಣ್ಣ ಸಿಗುತ್ತಿತ್ತು, ಗೆದ್ದಾಗ ಕುಣಿಯುವ ಕುಣಿತ ಸಿಗುತ್ತಿತ್ತು. ಗುದ್ದು ಮಾತ್ರ ಎಲ್ಲರದೂ ಒಂದೇ. ದುಡ್ಡಿದ್ದವನ ಗುದ್ದು ಜೋರಾಗುತ್ತಿರಲಿಲ್ಲ, ಅದೇ ನನಗೆ ಬಹಳ ಹಿಡಿಸಿದ್ದು. ಮಾಡಿದವರು ಎಲ್ಲೋ ಯುರೋಪಿನ ಕಡೆಯ ಏಳೆಂಟು ಜನರ ಸಣ್ಣ ಕಂಪನಿ. ಮೊದಲು ನಮ್ಮ ಆಟವೆಲ್ಲ ಸಿಂಗಪುರದ ಸರ್ವರಿನ ಮೂಲಕ ನಡೆಯುತ್ತಿತ್ತು. ಸರ್ವರ್ ಅಂದರೆ ಯಾರ ಗುದ್ದು ಮೊದಲು ಬಿತ್ತು ಎಂದು ತೀರ್ಪು ಹೇಳುವ ದೂರದ ಕಂಪ್ಯೂಟರು. ಇಲ್ಲಿ ಗುದ್ದಿದರೆ ಅಲ್ಲಿ ಬೀಳುವಷ್ಟರಲ್ಲಿ ಒಂದು ಗುಟುಕು ಚಹಾ ಕುಡಿದು ಮುಗಿಸಬಹುದಿತ್ತು. ಹುಡುಗ ಹುಡುಗಿಯರೆಲ್ಲ ಬರೆದು ಬರೆದು ಕೇಳಿದ ಮೇಲೆ, ಒಂದು ವರ್ಷ ತಡವಾಗಿಯಾದರೂ ಅವರು ಮುಂಬೈಯಲ್ಲಿ ಸರ್ವರ್ ಇಟ್ಟರು. "ನೋಡಕ್ಕ, ಕೇಳಿದ್ರೆ ಮಾಡ್ತಾರ" ಎಂದು ನಸೀಮಾ ಸ್ವಂತ ಮನೆಮಂದಿಯನ್ನು ಹೊಗಳಿದಂತೆ ಹೊಗಳಿದ್ದಳು.

ನಸೀಮಾಳನ್ನು ಬಿಟ್ಟು ಊರಲ್ಲಿ ನಮ್ಮಂಥವರು ಒಟ್ಟು ಇಪ್ಪತ್ತಮೂರು ಜನ ಸೇರಿಕೊಂಡೆವು. ಕಾಲೇಜು ಹುಡುಗಿಯರಿದ್ದರು, ಎಂ.ಸಿ.ಸಿ. ಬಡಾವಣೆಯ ಹಲ್ಲಿನ ಡಾಕ್ಟರೊಬ್ಬರಿದ್ದರು, ಕಡರನಾಯಕನಹಳ್ಳಿಯ ಬಸವರಾಜನಿದ್ದ. ಅವನು ಭತ್ತ ಕೊಯ್ಯುವ ಮೆಷಿನ್ ಓಡಿಸುವವನು. ಗದ್ದೆಯ ಬದುವಿಗೆ ಮೆಷಿನ್ ನಿಲ್ಲಿಸಿ, ಸಿಗ್ನಲ್ ಸಿಗುವ ಕಡೆ ಕುತ್ತಿಗೆ ಚಾಚಿ ಆಡುತ್ತಿದ್ದ. ಈ ಇಪ್ಪತ್ತಮೂರು ಜನರಲ್ಲಿ ಒಬ್ಬರೂ ಆ ಕಂಪನಿಗೆ ಒಂದು ನಯಾ ಪೈಸೆ ಕೊಟ್ಟವರಲ್ಲ. ಪುಕ್ಕಟೆ ಆಟಕ್ಕೆ ದುಡ್ಡು ಯಾಕೆ ಎಂದು ನಾನೇ ಎಲ್ಲರಿಗೂ ಪಾಠ ಮಾಡುತ್ತಿದ್ದೆ.

ಆ ಬೇಸಿಗೆಯಲ್ಲಿ ಎರಡು ಸುದ್ದಿ ಒಂದೇ ವಾರ ಬಂದವು. ನಸೀಮಾಳ ಶಾದಿ ಹರಿಹರದ ಸಲೀಮನ ಜೊತೆ ಗೊತ್ತಾಯಿತು. ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ, ಮಾತು ಕಡಿಮೆಯ ಹುಡುಗ. ಆಟದಲ್ಲೂ ಮೂರು ಮೂರು ತಿಂಗಳಿಗೊಂದು ಸೀಸನ್ ಅಂತ ಇರುತ್ತದೆ. ಮುಂಬೈ ಸರ್ವರಿನಲ್ಲಿ ಆಡುವ ಅಷ್ಟೂ ಜನರಲ್ಲಿ ನಸೀಮಾ ಆ ಸೀಸನ್ನಿನ ಫೈನಲ್ಲಿಗೆ ಬಂದಳು. ಫೈನಲ್ಲು ಭಾನುವಾರ ಸಂಜೆ ಏಳಕ್ಕೆ, ಶಾದಿಯಾದ ಮೇಲೆ ಗಂಡಿನ ಕಡೆಯವರು ಹಾಕುವ ವಲೀಮಾ ಊಟ ಅದಕ್ಕೂ ನಾಲ್ಕು ದಿನ ಮುಂಚೆ, ಬುಧವಾರ. ನಾನು ಕುಣಿದಾಡಿಬಿಟ್ಟೆ. ಅವಳು ಮಾತ್ರ ಸೂಜಿಗೆ ದಾರ ಪೋಣಿಸುತ್ತಾ, "ಇದೊಂದು ಫೈನಲ್ ಆಡಿ ಬಿಟ್ಬಿಡ್ತೀನಕ್ಕ" ಎಂದಳು.

"ಯಾಕ? ಸಲೀಂ ಬ್ಯಾಡ ಅಂದ್ನೇನು?"

"ಅವ್ರು ಏನೂ ಅಂದಿಲ್ಲ. ಆದ್ರೆ ಹೊಸ ಮನಿ. ಸಂಜಿ ಅಡಿಗಿ ಹೊತ್ನಾಗೆ ಸೊಸಿ ಫೋನ್ ಹಿಡ್ಕಂಡು ಕುಂತ್ರೆ ಹೆಂಗಕ್ಕ? ನಾನಾಗೇ ಬಿಟ್ರೆ ಯಾರ ಕೈಲೂ ಅನ್ನಿಸ್ಕಳಂಗಿಲ್ಲ. ಇದೊಂದ್ ಆಡ್ತೀನಿ. ಚಂದಾಗಿ ಆಡಿ ಬಿಡ್ತೀನಿ."

ಅವಳು ಆಟ ಬಿಟ್ಟರೆ ನನ್ನ ಸಂಜೆ ಏಳು ಗಂಟೆಗೆ ಇನ್ನೇನು ಉಳಿಯಿತು? ಅದೇ ಸಂಕಟದಲ್ಲಿ ನನ್ನ ತಲೆಗೆ ಆ ಸುಡುಗಾಡು ಐಡಿಯಾ ಹೊಳೆಯಿತು.

ನಮ್ಮ ಕಡೆ ಮದುವೆಗೆ ಹೋದವರು ಮದುಮಗಳಿಗೆ ಬಟ್ಟೆ ಕೊಡುತ್ತೇವೆ, ಅದಕ್ಕೆ ಆಯೇರಿ ಎನ್ನುತ್ತೇವೆ. ನಸೀಮಾಳಿಗೆ ಸೀರೆ ಕೊಡುವವರು ಬೇಕಾದಷ್ಟು ಜನ ಇದ್ದರು. ಅವಳ ಮೀನುಗಾರ ಹುಡುಗಿಗೆ ಆಯೇರಿ ಕೊಡುವವರು ಯಾರು? ನಾವೇ. ಇಷ್ಟು ದಿನ ಹಳೇ ಬೂದು ಬಟ್ಟೆಯಲ್ಲೇ ಹೊಡೆದಾಡಿದ ಹುಡುಗಿ ಫೈನಲ್ಲಿನಲ್ಲಾದರೂ ಹೊಸ ಬಟ್ಟೆ ಉಡಲಿ. ಗುಂಪಿನಲ್ಲಿ ಹೇಳಿದ್ದೇ ತಡ, ಇಪ್ಪತ್ತಮೂರು ಜನವೂ ಹೂಂ ಎಂದರು. ಅವಳಿಗೆ ಬೇಕಾದ ಹಸಿರು ಜರಿಯ ಬಟ್ಟೆಗೆ ನೂರು ನಾಣ್ಯ. ನಾಣ್ಯ ಅಂದರೆ ದುಡ್ಡು ಕೊಟ್ಟು ಕೊಳ್ಳುವ ಆಟದ ರೊಕ್ಕ. ಬಸವರಾಜ, "ಒಬ್ರು ಕೊಟ್ರೆ ಸಾಕಲ್ಲಕ್ಕ, ಒಂದೇ ಥರ ಬಟ್ಟಿ ಇಪ್ಪತ್ಮೂರು ಏನ್ ಮಾಡ್ತಾಳೆ?" ಎಂದ. "ನಿನ್ ಮದ್ವಿಗೆ ಎಷ್ಟ್ ಗೋಡೆ ಗಡಿಯಾರ ಬಂದಿದ್ವೋ?" ಎಂದೆ. ಹನ್ನೊಂದು ಬಂದಿದ್ದವಂತೆ.

ಇನ್ನೂ ಒಂದು ಮಾತು ಹೇಳಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು. "ಬರೀ ನೂರು ಕೊಡಬ್ಯಾಡ್ರಿ. ಆಯೇರಿ ಅಂದ ಮ್ಯಾಲೆ ನೂರಾ ಒಂದು ಆಗ್ಬೇಕು. ಮೊದ್ಲು ಒಂದು ನಾಣ್ಯ ಕಳಿಸಿ, ಆಮ್ಯಾಲೆ ಬಟ್ಟಿ ಕಳಿಸ್ರಿ."

ಬುಧವಾರ ಮಧ್ಯಾಹ್ನ ಹರಿಹರದ ಅದೇ ಸಭಾಭವನದಲ್ಲಿ ಬಿರಿಯಾನಿ ಊಟ ಮುಗಿಸಿ, ಹಿಂದುಗಡೆ ವೈಫೈ ಚೆನ್ನಾಗಿ ಸಿಗುವ ಮೂಲೆಯಲ್ಲಿ ಸಾಲಾಗಿ ನಿಂತೆವು. ಡಾಕ್ಟರು ಬಿರಿಯಾನಿ ಕೈ ಒರೆಸಿಕೊಂಡು ಮೊದಲು ಒತ್ತಿದರು. ಹತ್ತು ನಿಮಿಷದಲ್ಲಿ ಎಲ್ಲರದೂ ಮುಗಿಯಿತು. ವೇದಿಕೆಯ ಮೇಲೆ ಕೂತಿದ್ದ ನಸೀಮಾಳ ಫೋನು ಅವಳ ತಂಗಿಯ ಕೈಯಲ್ಲಿ ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. ಅವಳು ಮುಸುಕಿನೊಳಗಿಂದಲೇ ನಮ್ಮ ಕಡೆ ನೋಡಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗು ನೋಡಿ ನನಗೆ ಎಷ್ಟು ಹಿಗ್ಗಾಯಿತೆಂದರೆ, ಇನ್ನೊಂದು ತಟ್ಟೆ ಬಿರಿಯಾನಿಗೆ ಕೂತೆ.

ಎರಡು ತುತ್ತು ಹಾಕಿರಲಿಲ್ಲ, ಅವಳ ತಂಗಿ ಓಡಿ ಬಂದಳು. "ಗೌರಕ್ಕಾ, ನಮ್ಮ ನಸೀಮಾ ಆಪಾದು ಖಾತಿ ಬಂದ್ ಆಗೈತೆ!"

ಪರದೆಯ ಮೇಲೆ ಕೆಂಪು ಅಕ್ಷರ. ವಂಚನೆಯ ಅನುಮಾನದ ಮೇಲೆ ಈ ಖಾತೆಗೆ ಬೀಗ ಹಾಕಲಾಗಿದೆ. ದೂರು ಕಳಿಸಿದೆವು. ಆ ಕ್ಷಣದಲ್ಲೇ ಯಂತ್ರದ ಉತ್ತರ ಬಂತು: ಏಳು ಕೆಲಸದ ದಿನಗಳಲ್ಲಿ ಪರಿಶೀಲಿಸಲಾಗುವುದು. ಫೈನಲ್ಲಿಗೆ ನಾಲ್ಕೇ ದಿನ. ಮೊದಲು ವೈಫೈಗೆ ಬೈದೆ, ಆಮೇಲೆ ಕಂಪನಿಗೆ ಬೈದೆ, ಬಸವರಾಜನಿಗೂ ಸುಮ್ಮಸುಮ್ಮನೆ ಬೈದೆ. ಬಸ್ಸಿನಲ್ಲಿ ದಾವಣಗೆರೆಗೆ ವಾಪಸು ಬರುವಾಗ ಬೈಯಲು ಯಾರೂ ಉಳಿಯಲಿಲ್ಲ, ನಾನೊಬ್ಬಳೇ ಉಳಿದೆ. ಅವಳ ಕಡೆಯ ಆಟವನ್ನು ನನ್ನ ಕೈಯಾರೆ ಹಾಳು ಮಾಡಿದೆನಲ್ಲಾ ಎಂದು ಕಣ್ಣಲ್ಲಿ ನೀರು ಬಂತು. ನಸೀಮಾ ಫೋನು ಮಾಡಿ, "ಹೋಗ್ಲಿ ಬಿಡಕ್ಕ, ನೀ ಬೇಜಾರಾಗಬ್ಯಾಡ" ಎಂದು ನನಗೇ ಸಮಾಧಾನ ಹೇಳಿದಳು. ಅದು ಇನ್ನೂ ಕಷ್ಟವಾಯಿತು.

ಮಾರನೇ ದಿನ ಬೆಳಿಗ್ಗೆ ಅಂಗಡಿ ತೆರೆದು ಕಂಪ್ಯೂಟರಿನ ಮುಂದೆ ಕೂತೆ. ನನಗೆ ಬರುವ ವಿದ್ಯೆ ಒಂದೇ, ಅರ್ಜಿ ಬರೆಯುವುದು. ತಹಶೀಲ್ದಾರರಿಗೆ ಹೇಗೆ ಬರೆಯುತ್ತೇನೋ ಹಾಗೇ ಬರೆದೆ. "ವಿಷಯ: ಮದುವೆಯ ಆಯೇರಿಯನ್ನು ವಂಚನೆಯೆಂದು ಭಾವಿಸಿ ಖಾತೆಗೆ ಬೀಗ ಹಾಕಿರುವ ಕುರಿತು. ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ..." ಲಗತ್ತು ಒಂದು, ಶಾದಿಯ ಕಾರ್ಡಿನ ಜೆರಾಕ್ಸು. ಲಗತ್ತು ಎರಡು, ವೇದಿಕೆಯ ಫೋಟೋ. ಲಗತ್ತು ಮೂರು, ಇಪ್ಪತ್ತಮೂರು ಜನರ ಸಹಿ. ಬಸವರಾಜ ಕೊಯ್ಲು ಬಿಟ್ಟು ಮೈತುಂಬಾ ಭತ್ತದ ಧೂಳು ಹೊತ್ತುಕೊಂಡೇ ಬಂದು ಸಹಿ ಹಾಕಿ ಹೋದ. ಕಾಲೇಜು ಹುಡುಗಿಯರು, "ಆಂಟಿ, ಗೇಮ್ ಕಂಪ್ನಿಗೆ ಹಿಂಗೆಲ್ಲ ಯಾರೂ ಬರೆಯಲ್ಲ" ಎಂದು ಬಿದ್ದು ಬಿದ್ದು ನಕ್ಕರು. "ಬರೆಯದೇ ಇದ್ದಿದ್ದಕ್ಕೇ ಏಳು ದಿನ ಅಂತಾರೆ, ನೀವು ಇಂಗ್ಲಿಷ್ ಮಾಡ್ರಿ ಸುಮ್ನೆ" ಎಂದೆ.

ಶುಕ್ರವಾರ ಬೆಳಿಗ್ಗೆ ಅಂಗಡಿಯ ಮುಂದೆ ಸಲೀಮನ ಬೈಕು ನಿಂತಿತು. ಹಿಂದಿನಿಂದ ಅವನ ತಾಯಿ ಜೈನಾಬಿ ಇಳಿದರು. ಹರಿಹರದಲ್ಲಿ ಬಳೆ ಅಂಗಡಿ ಇಟ್ಟವರು. ವಲೀಮಾದಲ್ಲಿ ದೂರದಿಂದ ನೋಡಿದ್ದೆ ಅಷ್ಟೇ. ಜಗಳಕ್ಕೇ ಬಂದರು ಎಂದುಕೊಂಡೆ.

"ಗೌರಮ್ಮ ಅಂದ್ರೆ ಯಾರ್ರಿ?"

"ನಾನೇ ರಿ. ಬರ್ರಿ, ಕೂಡ್ರಿ."

"ಕೂಡಾಕೆ ಬಂದಿಲ್ಲ. ನನ್ ಸೊಸಿ ಎರಡು ದಿನ ಆತು, ನಗ್ತಾಳೆ, ಕೆಲ್ಸ ಮಾಡ್ತಾಳೆ, ತಟ್ಟಿ ಮುಂದೆ ಕುಂತ್ರೆ ಮಾತ್ರ ತುತ್ತು ಇಳೀವಲ್ದು. ಮನಿ ಹಿಡಿಸ್ಲಿಲ್ಲೇನು ಅಂತ ನಂಗೆ ಹೆದ್ರಿಕಿ. ಇವನ್ನ ಹಿಡ್ದು ಕೇಳಿದ್ರೆ ಗೇಮು ಅಂತಾನ, ಬೀಗ ಅಂತಾನ. ನೀವರ ಬಿಡಿಸಿ ಹೇಳ್ರಿ."

ಇನ್ನು ಮುಚ್ಚಿಟ್ಟು ಏನು ಪ್ರಯೋಜನ ಎಂದು ಎಲ್ಲಾ ಹೇಳಿದೆ. ಆಟ, ಫೈನಲ್ಲು, ಆಯೇರಿ, ಬೀಗ. ಹೋದರೆ ಹೋಗಲಿ, ಒಳ್ಳೇದೇ ಆಯಿತು ಎನ್ನುತ್ತಾರೆಂದು ಕಾದೆ. ಅವರು ಕನ್ನಡಕ ಹಾಕಿಕೊಂಡು ನಾನು ಫೋನಿನಲ್ಲಿ ತೆಗೆದಿಟ್ಟಿದ್ದ ಕೆಂಪು ಅಕ್ಷರಗಳ ಫೋಟೋವನ್ನು ದಿಟ್ಟಿಸಿದರು.

"ಅಂದ್ರೆ ನನ್ ಸೊಸಿ ಕಳ್ಳಿ ಅಂತಾರೇನು ಅವ್ರು?"

"ಹಂಗೇ ಅಂದಂಗೆ ರಿ."

ಜೈನಾಬಿ ಕುರ್ಚಿ ಎಳೆದುಕೊಂಡು ಕೂತರು. "ಬರೀರಿ. ನಾನು ಹೇಳ್ದಂಗೆ ಬರೀರಿ. ಮೂವತ್ತು ವರ್ಷ ಬಳಿ ಅಂಗಡಿ ನಡ್ಸೀನಿ. ದಿನಾ ಬಂದು, ಎಲ್ಲಾ ತೆಗ್ಸಿ ನೋಡಿ, ಒಂದ್ ಬಳಿನೂ ಕೊಳ್ದೆ ಹೋಗೋರು ಎಷ್ಟು ಮಂದಿ! ಅವ್ರೇ ಒಂದಿನ ಮಗಳ ಮದ್ವಿ ಅಂತ ಮನಿ ಮಂದಿನೆಲ್ಲ ಕಟ್ಕಂಡು ಬಂದು ಡಜನ್‌ಗಟ್ಲೆ ತಗೊಂತಾರೆ. ಅವತ್ತು ನಾನು ಅವ್ರನ್ನ ಕಳ್ರು ಅಂದಿದ್ರೆ ನನ್ ಅಂಗಡಿ ಇರ್ತಿತ್ತೇನು? ಪುಕ್ಕಟೆ ನೋಡಾಕೆ ಬರೋರೇ ಒಂದಿನ ಗಿರಾಕಿ ಆಗೋದು. ಅಷ್ಟೂ ತಿಳೀವಲ್ದೇನು ಆ ಕಂಪ್ನಿಗೆ?"

ಹದಿನೆಂಟು ವರ್ಷ ಅರ್ಜಿ ಬರೆದಿದ್ದೇನೆ, ಇಂಥ ಮಾತು ನನ್ನ ಕೈಯಿಂದ ಒಂದೂ ಬಂದಿಲ್ಲ. ಹಾಗೇ ಸೇರಿಸಿದೆ. ಜೈನಾಬಿ ಇಪ್ಪತ್ತನಾಲ್ಕನೆಯವರಾಗಿ ಉರ್ದುವಿನಲ್ಲಿ ಸಹಿ ಹಾಕಿದರು. ಸಲೀಂ ಕೇಳದೆಯೇ ಇಪ್ಪತ್ತೈದನೆಯ ಸಹಿ ಹಾಕಿದ.

ಆ ಅರ್ಜಿಯನ್ನು ಆಟಗಾರರು ದೂರು ಬರೆಯುವ ಜಾಗದಲ್ಲಿ, ಎಲ್ಲರಿಗೂ ಕಾಣುವಂತೆ ಹಾಕಿದೆವು. ಯಾವ್ಯಾವುದೋ ದೇಶದವರು ಓದಿದರು. ಮೊದಲು ನಕ್ಕವರೇ ಆಮೇಲೆ "ಬೀಗ ತೆಗೆಯಿರಿ" ಎಂದು ಸಾಲುಸಾಲಾಗಿ ಬರೆದರು. ಶನಿವಾರ ಮಧ್ಯಾಹ್ನ ಯಂತ್ರವಲ್ಲದ ಒಂದು ಉತ್ತರ ಬಂತು. ಬರೆದವನ ಹೆಸರು ಯೋನಾಸ್, ಆ ಕಂಪನಿಯಲ್ಲಿ ಆಟ ಮಾಡುವವರಲ್ಲಿ ಒಬ್ಬ. ಅರ್ಜಿಯನ್ನು ಆಫೀಸಿನಲ್ಲಿ ಜೋರಾಗಿ ಓದಿದೆವು, ಕ್ಷಮಿಸಿ ಎಂದಿದ್ದ. ಇಪ್ಪತ್ತಮೂರು ಜನ ಒಂದೇ ವೈಫೈಯಿಂದ ಒಂದೇ ಬಟ್ಟೆ ಕೊಟ್ಟಿದ್ದು ಈಗ ಅರ್ಥವಾಯಿತು, ಆದರೆ ಒಂದು ಮಾತು ಅರ್ಥವಾಗಲಿಲ್ಲ, ಎಲ್ಲರೂ ಮೊದಲು ಒಂದೇ ಒಂದು ನಾಣ್ಯ ಯಾಕೆ ಕಳಿಸಿದಿರಿ ಎಂದು ಕೇಳಿದ್ದ. ಕದ್ದ ಬ್ಯಾಂಕ್ ಕಾರ್ಡು ಕೈಗೆ ಸಿಕ್ಕವರು ಅದು ನಡೆಯುತ್ತದೋ ಇಲ್ಲವೋ ನೋಡಲು ಮೊದಲು ಹೀಗೇ ಒಂದು ನಾಣ್ಯ ಕಳಿಸುತ್ತಾರಂತೆ, ನಡೆದರೆ ಹಿಂದೆಯೇ ದೊಡ್ಡದು. ಅವರ ಯಂತ್ರ ಅದನ್ನೇ ಹಿಡಿದಿತ್ತು.

ನಾಲಿಗೆ ಕಚ್ಚಿಕೊಂಡೆ. ಅಯ್ಯೋ ಶಿವನೇ, ಎಲ್ಲರಿಗೂ ಕಳ್ಳರ ಪಾಠ ಹೇಳಿಕೊಟ್ಟವಳು ನಾನೇ! ಹಿಂದೆ ಮುಂದೆ ನೋಡದೆ ಉತ್ತರ ಬರೆದೆ. "ಸ್ವಾಮಿ, ಆ ಒಂದು ನಾಣ್ಯ ಕೊಡಿಸಿದವಳು ನಾನು. ನಮ್ಮಲ್ಲಿ ಬರೀ ನೂರು ಕೊಟ್ಟರೆ ಅಲ್ಲಿಗೆ ಮುಗಿದಂತೆ. ಮೇಲೊಂದು ಕೊಟ್ಟರೆ ಕೊಡುವುದು ತೆಗೆದುಕೊಳ್ಳುವುದು ಮುಂದೆಯೂ ನಡೆಯಲಿ ಅಂತ. ಅವಳು ಬೇರೆ ಊರಿಗೆ ಹೋಗುತ್ತಿದ್ದಳು. ನಮ್ಮದು ಅಲ್ಲಿಗೇ ಮುಗಿಯಬಾರದು ಅಂತ ಕೊಟ್ಟೆವು." ಬರೆಯುತ್ತಾ ಬರೆಯುತ್ತಾ ನನ್ನ ಕಣ್ಣು ಮಂಜಾಯಿತು. ದಾವಣಗೆರೆಗೂ ಹರಿಹರಕ್ಕೂ ಅರ್ಧ ತಾಸಿನ ದಾರಿ, ಅದಕ್ಕೆ ಇಷ್ಟೊಂದು ಅಳುವವಳು ನಾನೊಬ್ಬಳೇ ಇರಬೇಕು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬೀಗ ತೆರೆಯಿತು. "ನಮ್ಮ ಯಂತ್ರಕ್ಕೆ ಇದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ" ಎಂದು ಯೋನಾಸ್ ಬರೆದಿದ್ದ. ಇನ್ನು ಮೇಲೆ ಉಡುಗೊರೆಯ ವಿಷಯದಲ್ಲಿ ಬೀಗ ಹಾಕುವ ಮುಂಚೆ ಒಬ್ಬ ಮನುಷ್ಯ ಕೂತು ನೋಡುತ್ತಾನೆ ಎಂದೂ ಸೇರಿಸಿದ್ದ. ನಾನು ಶಟರ್ ಎಳೆದು ಬಸ್ ಸ್ಟ್ಯಾಂಡಿಗೆ ಓಡಿದೆ.

ಸಂಜೆ ಏಳಕ್ಕೆ ಹರಿಹರದ ಆ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಲೀಂ ಮನೆಮಂದಿಯ ಫೋನನ್ನೆಲ್ಲ ಇಸಿದುಕೊಂಡು ಅವುಗಳ ವೈಫೈ ಬಂದ್ ಮಾಡಿಟ್ಟಿದ್ದ, ಪೂರ್ತಿ ವೈಫೈ ನಸೀಮಾಳಿಗೇ ಸಿಗಲಿ ಎಂದು. ಎದುರಾಳಿ ನಾಗಪುರದ ಒಬ್ಬ ಹುಡುಗಿ. ಜೈನಾಬಿ ಸೊಸೆಯ ಭುಜದ ಮೇಲಿಂದ ಬಗ್ಗಿ, "ಇದ್ರಾಗೆ ನಮ್ಮಾಕಿ ಯಾರು?" ಎಂದರು.

"ಹಸಿರು ಬಟ್ಟಿಯಾಕಿ, ಅಮ್ಮೀ."

ಮೊದಲ ಸುತ್ತು ನಮ್ಮದು, ಎರಡನೆಯದು ನಾಗಪುರದವಳದು. ಮೂರನೆಯದರಲ್ಲಿ ಸರ್ವರು ಒಂದು ಕ್ಷಣ ತಡವರಿಸಿತು, ಇಬ್ಬರೂ ಗಾಳಿಯಲ್ಲೇ ನಿಂತುಬಿಟ್ಟರು. ಜೈನಾಬಿ, "ಏ, ಯಾಕ ನಿಂತ್ರಿ? ಹೊಡೀರಿ!" ಎಂದು ಗದರಿದರು. ಗದರಿಕೆಗೆ ಹೆದರಿತೋ ಏನೋ, ಸರ್ವರು ಓಡಿತು. ಆ ಸುತ್ತೂ ನಾಗಪುರದವಳದಾಯಿತು. ನಾಲ್ಕನೆಯದರಲ್ಲಿ ನಸೀಮಾ ಜಡೆ ಬೀಸಿದ ಬೀಸಿಗೆ ನಾನು ಸೀಟಿ ಹೊಡೆದುಬಿಟ್ಟೆ. ಎರಡೆರಡು. ಕಡೆಯ ಸುತ್ತಿನಲ್ಲಿ ಇಬ್ಬರಿಗೂ ಕೂದಲೆಳೆಯಷ್ಟು ಜೀವ ಉಳಿದಿತ್ತು. ನಸೀಮಾ ಹಾರಿದಳು, ಆ ಹುಡುಗಿ ಕೆಳಗೆ ಕೂತು ಕಾಲಿಗೆ ಹೊಡೆದಳು. ಸೋತೆವು.

ನಸೀಮಾ ಫೋನನ್ನು ಮಡಿಲಲ್ಲಿಟ್ಟುಕೊಂಡು ಎದುರಾಳಿಗೆ ಒಂದು ನಮಸ್ಕಾರದ ಚಿತ್ರ ಕಳಿಸಿದಳು. "ಆಕಿ ಚಂದ ಆಡಿದ್ಲು. ಆತಕ್ಕ, ಮುಗೀತು" ಎಂದು ನನ್ನ ಕಡೆ ನೋಡಿ ನಕ್ಕಳು. ಏನು ಮುಗಿಯಿತು ಎನ್ನುವುದು ಅಲ್ಲಿದ್ದವರಲ್ಲಿ ನಮ್ಮಿಬ್ಬರಿಗೇ ಗೊತ್ತು. ಅವಳು ದುಪಟ್ಟಾ ಸರಿ ಮಾಡಿಕೊಂಡು ಅಡುಗೆಮನೆಯ ಕಡೆ ಹೊರಟಳು.

ಜೈನಾಬಿ ಅವಳ ಕೈ ಹಿಡಿದರು. "ಎಲ್ಲಿಗೆ ಹೊಂಟಿ? ಮುಂದಿಂದು ಯಾವಾಗ?"

"ಯಾವ್ದು ಅಮ್ಮೀ?"

"ಇದೇ, ಈ ಹೊಡೆದಾಟ."

"ಮೂರ್ ತಿಂಗ್ಳಿಗೆ ಐತೆ. ಆದ್ರೆ ನಾನು..."

"ಆ ಹುಡುಗಿ ಪ್ರತಿ ಸಲ ಕೆಳಗೆ ಕುಂತು ಕಾಲಿಗೇ ಹೊಡೀತಾಳೆ. ನೀ ಪ್ರತಿ ಸಲ ಹಾರಾಕೇ ಹೋಗ್ತಿ. ಈ ಮುದುಕಿ ಕಣ್ಣಿಗೆ ಕಂಡಿದ್ದು ನಿಂಗೆ ಕಾಣ್ಲಿಲ್ಲೇನು? ಇನ್ನೂ ಕಲೀಬೇಕು ನೀನು." ಅವಳನ್ನು ಮತ್ತೆ ಅಲ್ಲೇ ಕೂರಿಸಿದರು. "ನಾಳಿಯಿಂದ ಏಳಕ್ಕೆ ಫೋನ್ ಹಿಡ್ಕಂಡು ಕುಂದ್ರು. ಎಂಟರ ತಂಕ ರೊಟ್ಟಿ ನಾನು ಸುಡ್ತೀನಿ."

ಖಾತೆಗೆ ಬೀಗ ಬಿದ್ದಾಗ ನಸೀಮಾ ಅತ್ತಿರಲಿಲ್ಲ. ಸೋತಾಗಲೂ ಅತ್ತಿರಲಿಲ್ಲ. ಆಗ ಅತ್ತಳು.